ನೇಜಿ ನೆಡುವವಳ ಬೆನ್ನು ಮಾತ್ರ ಸಾಕೇ?

ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಬೈಲುಗಳಿಗೆ ಕ್ಯಾಮರಾಗಳು ಇಳಿಯುತ್ತವೆ. ಪತ್ರಿಕೆಯವರದ್ದು, ಫೋಟೋ ಸ್ಪರ್ಧೆಯವರದ್ದು, ಈಗಂತೂ ಎಲ್ಲರ ಕಿಸೆಯ ಮೊಬೈಲಿನದ್ದು. 'ಕೆಸರ್‌ಡ್ ಒಂಜಿ ದಿನ' ಅಂತ ಮಕ್ಕಳನ್ನು ಗದ್ದೆಗೆ ಕರೆದೊಯ್ಯುವ ಶಾಲೆಯವರೂ ತೆಗೆಯುತ್ತಾರೆ. ಚಿತ್ರಗಳು ಮಾತ್ರ ಹೆಚ್ಚುಕಡಿಮೆ ಒಂದೇ. ಸಾಲಾಗಿ ಬಗ್ಗಿದ ಹೆಂಗಸರು, ಬೆನ್ನ ಮೇಲೆ ಗೊರಬೆ ಅಥವಾ ಪ್ಲಾಸ್ಟಿಕ್ ಹಾಳೆ, ಹಿಂದೆ ಕಪ್ಪು ಮೋಡ. ಅಡಿಯಲ್ಲಿ 'ಅನ್ನದಾತೆ', ಇಲ್ಲವಾದರೆ 'ಹಳ್ಳಿಯ ಸೊಬಗು'.

ಈ ಚಿತ್ರಗಳಲ್ಲಿ ಮುಖ ಯಾಕಿಲ್ಲ ಅಂತ ಯಾವಾಗಲಾದರೂ ಯೋಚಿಸಿದ್ದೀರಾ? ನೇಜಿ ನೆಡುವವಳು ಬಗ್ಗಿಕೊಂಡು ಹಿಂದೆ ಹಿಂದೆ ಸರಿಯುತ್ತಾಳೆ. ಹುಣಿಯ ಮೇಲೆ ಚಪ್ಪಲಿ ಹಾಕಿ ನಿಂತವನಿಗೆ ಬೆನ್ನೇ ಕಾಣುವುದು. ಮುಖ ಬೇಕಾದರೆ ಕೆಸರಿಗಿಳಿಯಬೇಕು, ಮಾತಾಡಿಸಬೇಕು. ಅಷ್ಟು ಪುರುಸೊತ್ತು ಯಾರಿಗಿದೆ!

ಇನ್ನು ಸಿಗದೇ ಹೋಗುವ ಸಂಗತಿಗಳು ಬೇಕಾದಷ್ಟು. ನೆಡುವ ಮೊದಲು ನೇಜಿ ಕೀಳಬೇಕು, ಬೇರಿನ ಕೆಸರು ತೊಳೆಯಬೇಕು, ಸೂಡಿ ಕಟ್ಟಬೇಕು, ನೀರು ಸೋರುವ ಆ ಸೂಡಿಗಳನ್ನು ತಲೆಯ ಮೇಲೆ ಹೊತ್ತು ಗದ್ದೆಗೆ ತರಬೇಕು. ನೆಟ್ಟ ಮೇಲೆ ಕಳೆ ಇದೆ. ಕೊಯ್ಲಿನ ಹೊತ್ತಿಗೆ ಮಳೆ ಬಿಡದಿದ್ದರೆ ಒದ್ದೆ ಪೈರನ್ನು ಒಣಗಿಸುವ ಪಾಡು ಬೇರೆ. ಕಾಲ್ಬೆರಳ ಸಂದು ಕೊಳೆತಿರುತ್ತದೆ. ಇಲಿಜ್ವರ ಬಾರದಿರಲಿ ಎಂದು ಗದ್ದೆಗಿಳಿಯುವವರಿಗೆ ಆರೋಗ್ಯ ಇಲಾಖೆಯವರು ವಾರಕ್ಕೊಮ್ಮೆ ನುಂಗಲು ಡಾಕ್ಸಿಸೈಕ್ಲಿನ್ ಮಾತ್ರೆ ಕೊಡುತ್ತಾರೆ. ಆ ಮಾತ್ರೆಯ ಚಿತ್ರಕ್ಕೆ ಯಾವ ಸ್ಪರ್ಧೆಯಲ್ಲೂ ಬಹುಮಾನ ಬಂದದ್ದು ನಾನು ಕೇಳಿಲ್ಲ.

'ಅನ್ನದಾತೆ' ಎಂಬ ಮಾತಿನ ಬಗ್ಗೆಯೂ ನನಗೆ ತಕರಾರಿದೆ. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಕೇರಳದ ಗೇಣಿದಾರರಿಗೆ ಗದ್ದೆ ಸಿಕ್ಕಿತು. ಕೂಲಿಗೆ ಬರುತ್ತಿದ್ದ ಕುಡಿಕಿಡಪ್ಪಿನವರಿಗೆ ಸಿಕ್ಕಿದ್ದು ಗುಡಿಸಲಿನ ಅಡಿಯ ಜಾಗ, ಪಂಚಾಯತು ಪ್ರದೇಶದಲ್ಲಿ ಹತ್ತು ಸೆಂಟ್ಸಿನವರೆಗೆ. ಚಿತ್ರದಲ್ಲಿ ಬಗ್ಗಿರುವವಳು ಹೆಚ್ಚಾಗಿ ಆ ಹತ್ತು ಸೆಂಟ್ಸಿನ ಮನೆಯವಳು. ಗದ್ದೆ ಅವಳದ್ದಲ್ಲ, ಬೆಳೆಯೂ ಅವಳದ್ದಲ್ಲ, ಅವಳ ಮನೆಯಲ್ಲಿ ಬೇಯುವುದು ರೇಶನ್ ಅಕ್ಕಿ. ಈಗ ಕೇರಳದ ಎಷ್ಟೋ ಕಡೆ ನೇಜಿ ನೆಡುವುದಕ್ಕೆ ಬರುವವರು ಬಂಗಾಳದ ಹುಡುಗರು. ಅವರ ಚಿತ್ರದ ಕೆಳಗೂ 'ನಮ್ಮ ಮಣ್ಣಿನ ಮಕ್ಕಳು' ಎಂದು ಅಚ್ಚಾಗುತ್ತದೆ!

ಗದ್ದೆಗಳಾದರೂ ಎಲ್ಲಿ ಉಳಿದಿವೆ? 1974-75ರಲ್ಲಿ ಕೇರಳದಲ್ಲಿ 8.8 ಲಕ್ಷ ಹೆಕ್ಟೇರು ಭತ್ತದ ಬೇಸಾಯವಿತ್ತು, ಈಗ 2 ಲಕ್ಷ ಹೆಕ್ಟೇರಿಗಿಂತಲೂ ಕಡಿಮೆ. ಗದ್ದೆಗೆ ಮಣ್ಣು ತುಂಬಿಸಬಾರದೆಂಬ ಕಾನೂನು 2008ರಲ್ಲಿ ಬಂತು, ಆದರೆ ಅಷ್ಟರಲ್ಲಿ ಎಷ್ಟೋ ಬೈಲುಗಳಲ್ಲಿ ಅಡಿಕೆ ಎದ್ದಾಗಿತ್ತು. ಹಾಗಾಗಿ ಚಿತ್ರ ತೆಗೆಯಲೇಬೇಡಿ ಎಂದು ನಾನು ಹೇಳುವವನಲ್ಲ. ಇವತ್ತು ತೆಗೆಯದಿದ್ದರೆ ಇನ್ನು ಇಪ್ಪತ್ತು ವರ್ಷಕ್ಕೆ ತೆಗೆಯಲು ಏನೂ ಇರಲಿಕ್ಕಿಲ್ಲ. ತೆಗೆಯುವ ಕ್ರಮದ ಬಗ್ಗೆ ನನ್ನ ಮಾತು.

ಪಿ. ಸಾಯಿನಾಥರು 1993ರಿಂದ 2002ರವರೆಗೆ ಹತ್ತು ರಾಜ್ಯಗಳಲ್ಲಿ ದುಡಿಯುವ ಹೆಂಗಸರ ಚಿತ್ರ ತೆಗೆದು 'ವಿಸಿಬಲ್ ವರ್ಕ್, ಇನ್‌ವಿಸಿಬಲ್ ವಿಮೆನ್' ಎಂಬ ಪ್ರದರ್ಶನ ಮಾಡಿದರು. ಅದು ಪೇಟೆಯ ಗ್ಯಾಲರಿಗಳಲ್ಲೇ ಕೂರಲಿಲ್ಲ. ಬಸ್ ನಿಲ್ದಾಣ, ಫ್ಯಾಕ್ಟರಿ ಗೇಟು, ಕೂಲಿಯವರ ಸಭೆಗಳಿಗೂ ಹೋಯಿತು. ಚಿತ್ರದಲ್ಲಿರುವಂಥವರೇ ಚಿತ್ರ ನೋಡುವವರೂ ಆದರು. ನಮ್ಮ ಜಿಲ್ಲೆಯಲ್ಲೇ ಇನ್ನೊಂದು ಬಗೆಯ ಉದಾಹರಣೆ ಇದೆ. ಬೆಳೇರಿಯ ಸತ್ಯನಾರಾಯಣರು 650ಕ್ಕೂ ಹೆಚ್ಚು ಭತ್ತದ ತಳಿ ಉಳಿಸಿಕೊಂಡು ಬಂದವರು, 2024ರಲ್ಲಿ ಪದ್ಮಶ್ರೀ ಪಡೆದವರು. ಜಾಗ ಸಾಲದೆ ಅವರು ಪೇಪರ್ ಕಪ್ಪುಗಳಲ್ಲಿ ಭತ್ತ ಬೆಳೆಸುವುದನ್ನು ನೀವು ಪತ್ರಿಕೆಗಳಲ್ಲಿ ನೋಡಿರಬಹುದು. ಕೆಸರೂ ಇಲ್ಲ, ಮೋಡವೂ ಇಲ್ಲ. ಆದರೆ ಆ ಕಪ್ಪುಗಳನ್ನು ಕಂಡ ಮಗು 'ಇದು ಯಾಕೆ ಹೀಗೆ?' ಎಂದು ಕೇಳಿಯೇ ಕೇಳುತ್ತದೆ.

ಇದನ್ನೆಲ್ಲ ಕನ್ನಡ ಶಾಲೆಯವರಿಗೆ ಯಾಕೆ ಹೇಳುತ್ತಿದ್ದೇನೆಂದರೆ, ಅನುಕೂಲಸ್ಥರ ಮಕ್ಕಳು ಇಂಗ್ಲಿಷ್ ಮಾಧ್ಯಮದ ಬಸ್ಸು ಹತ್ತಿ ಆಗಿದೆ. ನಮ್ಮ ಬೆಂಚುಗಳಲ್ಲಿ ಕುಳಿತವರಲ್ಲಿ ಅನೇಕರು ಈ ಚಿತ್ರದಲ್ಲಿರುವವರ ಮಕ್ಕಳೇ. ಕೆಲವು ವರ್ಷಗಳ ಹಿಂದೆ ನಮ್ಮ ಕಡೆಯ ಒಂದು ಶಾಲೆಯ ಸ್ಮರಣಸಂಚಿಕೆಗೆ ಇಂಥದ್ದೇ ಮುಖಪುಟವಿತ್ತು. ಆರನೆಯ ತರಗತಿಯ ಒಂದು ಹುಡುಗಿ ಅದನ್ನು ನೋಡಿದ್ದೇ ಪುಸ್ತಕ ಮಗುಚಿ ಇಟ್ಟಳು. ಸೀರೆಯ ಗುರುತಿನಿಂದ ಅಮ್ಮ ಎಂದು ಅವಳಿಗೆ ತಿಳಿದಿತ್ತು. ಹತ್ತಿರದವಳಿಗೂ ಹೇಳಲಿಲ್ಲ. ಅಡಿಯಲ್ಲಿ ಅಮ್ಮನ ಹೆಸರಿದ್ದರೆ, 'ಇವರಿಗೆ ನೇಜಿ ನೆಡುವುದರಲ್ಲಿ ಮೂವತ್ತು ವರ್ಷದ ಅನುಭವ' ಎಂಬ ಒಂದು ಸಾಲು ಇದ್ದರೆ, ಮಗುಚುತ್ತಿದ್ದಳೇ?

ಆದ್ದರಿಂದ ಮಕ್ಕಳ ಕೈಗೇ ಕ್ಯಾಮರಾ ಕೊಡಿ, ಜೊತೆಗೊಂದು ನೋಟುಪುಸ್ತಕ. ಮೊದಲು ಕೇಳಲಿ, 'ಅಕ್ಕಾ, ಒಂದು ಫೋಟೋ ತೆಗೆಯಬಹುದಾ?' ಬೇಡ ಅಂದರೆ ಬೇಡ. ಹೆಸರು, ಊರು, ಎಷ್ಟು ಹೊತ್ತಿಗೆ ಬಂದದ್ದು, ಸಂಬಳ ಎಷ್ಟು, ಮಧ್ಯಾಹ್ನಕ್ಕೆ ಊಟ ಏನು, ಎಲ್ಲ ಬರೆಯಲಿ. ನೇಜಿ, ಸೂಡಿ, ಹುಣಿ, ಏಣೆಲು ಎಂಬ ಶಬ್ದಗಳೂ ಹಾಗೆಯೇ ದಾಖಲಾಗುತ್ತವೆ. ಪುಸ್ತಕದ 'ಸಸಿ ನಾಟಿ'ಯಲ್ಲಿ ಅವು ಸಿಗುವುದಿಲ್ಲ. ಬಂಗಾಳದ ಹುಡುಗ ತನ್ನೂರಲ್ಲಿ ನೇಜಿಗೆ ಏನನ್ನುತ್ತಾನೆ ಎಂದೂ ಕೇಳಲಿ. ಒಂದೊಂದು ಪ್ರತಿ ಅವರವರ ಮನೆಗೆ ತಲುಪಿಸಬೇಕು, ಸ್ಟುಡಿಯೋದ ಖರ್ಚು ಪಿ.ಟಿ.ಎ. ನೋಡಿಕೊಳ್ಳಲಿ. ಹತ್ತಿರದಲ್ಲಿ ಕೊಳಕೆ ಬೆಳೆಯುವ ಗದ್ದೆ ಇದ್ದವರು ಜೂನಿನವರೆಗೆ ಕಾಯಬೇಕೆಂದೂ ಇಲ್ಲ, ಜನವರಿಯಲ್ಲೇ ಸುರು ಮಾಡಬಹುದು.