₹250ಕ್ಕೆ ಸಿಗೋದನ್ನ ₹1,900 ಕೊಟ್ಟು ಯಾಕೆ ಮಾಡ್ದೆ?

(1/4)
ಹೋದ ವಾರ ಸ್ಟೋರಿಲಿ ಜಾಯ್‌ಸ್ಟಿಕ್ ಫೋಟೋ ಹಾಕಿದ್ದಕ್ಕೆ ಬಂದ ರಿಪ್ಲೈಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. "ಗುರು, ಹೊಸ ಕಂಟ್ರೋಲರ್ ₹250ಕ್ಕೆ ಬರುತ್ತೆ, ನೀನ್ಯಾಕೆ ₹1,900 ಸುರಿದೆ? ಬಿಕಾಂ ಓದ್ತಿರೋನು ತಾನೆ?"

ಹೌದು, ಓದ್ತಿರೋನೇ. ಕಾಸ್ಟ್ ಅಕೌಂಟಿಂಗ್‌ನ 'ಮೇಕ್ ಆರ್ ಬೈ' ಲೆಕ್ಕ ನಾನೂ ಮಾಡಿದೀನಿ. ಕೊಳ್ಳೋ ಬೆಲೆ ಮಾಡೋ ಖರ್ಚಿಗಿಂತ ಕಮ್ಮಿ ಇದ್ರೆ ಕೊಂಡುಬಿಡಿ, ಉತ್ತರ ಮುಗೀತು. ಆದ್ರೆ ಆ ಲೆಕ್ಕಕ್ಕೆ ಒಂದು ಷರತ್ತಿದೆ, ಕ್ಲಾಸಲ್ಲಿ ನಾವು ಬೇಗ ದಾಟಿ ಹೋಗ್ತೀವಿ: ಕೊಳ್ಳೋದೂ ಮಾಡೋದೂ ಒಂದೇ ಕೆಲಸಕ್ಕೆ ಬರಬೇಕು. ₹250ರದ್ದು ನಮ್ಮನೇಲಿ ಒಬ್ಬರ ಕೈಗೆ ಬರಲ್ಲ.

(2/4)
ಕನ್ಸೋಲ್ ಅಂದ್ರೆ ದೊಡ್ಡದೇನೋ ಅಂದ್ಕೋಬೇಡಿ. ನೀವು ಚಿಕ್ಕೋರಿದ್ದಾಗ ಆಡಿರೋ ಅದೇ 'ಟಿವಿ ವಿಡಿಯೋ ಗೇಮ್'. ಹಳದಿ ಕ್ಯಾಸೆಟ್ ಮೇಲೆ 9999999 ಇನ್ 1, ಒಳಗಡೆ ತಿರುಗಿ ಮುರುಗಿ ಅದೇ ಮಾರಿಯೋ, ಅದೇ ಕಾಂಟ್ರಾ, ಅದೇ ಟ್ಯಾಂಕ್. ನಿಂಟೆಂಡೋ 1983ರಲ್ಲಿ ಜಪಾನಲ್ಲಿ ಬಿಟ್ಟ ಫ್ಯಾಮಿಕಾಂನ ನಕಲು ಅದು.

ನಮ್ಮನೇಗೆ ಅದನ್ನ ಜಾತ್ರೆಯಿಂದ ತಂದಿದ್ದು ದೊಡ್ಡಪ್ಪನ ಮಗ, ನಮ್ಮಣ್ಣ. ಕಾಂಟ್ರಾ ನಂಗೆ ಕಲಿಸಿದ್ದೂ ಅವನೇ. ಎರಡು ವರ್ಷದ ಹಿಂದೆ ಕೆಲಸದ ಜಾಗದಲ್ಲಿ ಪ್ರೆಸ್‌ಗೆ ಸಿಕ್ಕಿ ಅವನ ಬಲಗೈ ಹೆಬ್ಬೆರಳು ಅರ್ಧ ಹೋಯ್ತು. ದೀಪಾವಳಿಗೆ ಬಂದಾಗ ಅಟ್ಟದಿಂದ ಗೇಮ್ ಇಳಿಸಿದ್ವಿ. ಎರಡು ನಿಮಿಷ ಆಡಿದ, ಕಂಟ್ರೋಲರ್ ಕೆಳಗಿಟ್ಟ. "ನೀನ್ ಆಡಪ್ಪ, ನಾನ್ ನೋಡ್ತೀನಿ" ಅಂದ.

ಈಗ ನಿಮ್ಮ ಬಲಗೈ ಹೆಬ್ಬೆರಳು ಮಡಚ್ಕೊಂಡು ಮಾರಿಯೋ ಆಡೋದನ್ನ ಯೋಚಿಸಿ. ಓಡೋಕೆ ಬಿ ಒತ್ತಿ ಹಿಡೀಬೇಕು, ಹಿಡಿದಿರೋವಾಗಲೇ ಜಿಗಿಯೋಕೆ ಎ ಒತ್ತಬೇಕು. ಎರಡೂ ಒಂದೇ ಹೆಬ್ಬೆರಳಿನ ಕೆಲಸ! ಉಳಿದ ನಾಲ್ಕು ಬೆರಳು ಡಬ್ಬಿ ಹಿಡ್ಕೊಂಡು ಸುಮ್ನೆ ಕೂತಿರುತ್ತೆ. ಆಟ ಬರದೇ ಇರೋದು ಅಣ್ಣನಿಗಲ್ಲ. ಆ ಪ್ಯಾಡ್ ಒಂದೇ ಬೆರಳನ್ನ ನಂಬ್ಕೊಂಡಿದೆ, ಅಷ್ಟೇ.

ಆರ್ಕೇಡ್ ಜಾಯ್‌ಸ್ಟಿಕ್‌ನಲ್ಲಿ ಹಾಗಲ್ಲ. ಕೋಲನ್ನ ಎಡಗೈ ಇಡೀ ಹಿಡಿಯುತ್ತೆ, ಬಲಗೈಗೆ ದೊಡ್ಡ 30 ಮಿ.ಮೀ. ಬಟನ್‌ಗಳು, ತೋರುಬೆರಳು ಒಂದಕ್ಕೆ, ಮಧ್ಯದ ಬೆರಳು ಇನ್ನೊಂದಕ್ಕೆ. ಹೆಬ್ಬೆರಳು ಬೇಕೇ ಇಲ್ಲ. ಇದು ನಾನು ಕಂಡುಹಿಡಿದಿದ್ದೂ ಅಲ್ಲ, ನಿಂಟೆಂಡೋನೇ 1987ರಲ್ಲಿ ಎನ್‌ಇಎಸ್ ಅಡ್ವಾಂಟೇಜ್ ಅಂತ ಮೇಜಿನ ಮೇಲಿಡೋ ಜಾಯ್‌ಸ್ಟಿಕ್ ಮಾರಿತ್ತು.

(3/4)
ಮಾಡಿದ್ದು ಹೇಗೆ ಅಂತ ಕೇಳಿದೋರಿಗೆ ಇದು. ಮೊದಲು ಚಪ್ಪಲಿ ಡಬ್ಬಿ ಮುಚ್ಚಳದ ಮೇಲೆ ಅಣ್ಣನ ಕೈ ಇಡಿಸಿ ಸುತ್ತ ಪೆನ್ಸಿಲ್‌ನಲ್ಲಿ ಗೆರೆ ಎಳೆದೆ. ಅವನ ಕೈ ನೇರ ಕೂರಲ್ಲ, ಸ್ವಲ್ಪ ಓರೆ. ಅದಕ್ಕೆ ಬಿ ಬಟನ್ ಒಂದೂವರೆ ಸೆಂ.ಮೀ. ಕೆಳಗೆ ಬಂತು. ಅಂಗಡೀಲಿ ಯಾರು ಇದನ್ನ ಅಳೆದು ಕೊಡ್ತಾರೆ ಹೇಳಿ?

ಆಮೇಲೆ ಅದೇ ₹250ರ ಕಂಟ್ರೋಲರ್ ಕೊಂಡೆ, ಬಿಚ್ಚಿ ಬೋರ್ಡ್ ತಗೊಂಡೆ. ಅದರಲ್ಲಿರೋ ಚಿಪ್‌ನ ಕೆಲಸ ಮಜವಾಗಿದೆ. ಬಟನ್ 8, ಆದ್ರೆ ಕೇಬಲ್‌ನಲ್ಲಿ ವೈರ್ 5 ಮಾತ್ರ. ಅದ್ರಲ್ಲೂ ಎರಡು ಕರೆಂಟಿಗೆ. ಉಳಿದ ಮೂರರಲ್ಲಿ ನಡೆಯೋದು ಥೇಟ್ ಅಟೆಂಡೆನ್ಸ್. ಕನ್ಸೋಲ್ ಒಂದು ವೈರ್‌ನಲ್ಲಿ 'ಎಲ್ಲರೂ ಇದ್ದ ಹಾಗೇ ಇರಿ' ಅನ್ನುತ್ತೆ, ಇನ್ನೊಂದರಲ್ಲಿ ಒಂದೊಂದೇ ನಂಬರ್ ಕೂಗುತ್ತೆ, ಮೂರನೇದರಲ್ಲಿ ಉತ್ತರ ಬರುತ್ತೆ: ಎ, ಬಿ, ಸೆಲೆಕ್ಟ್, ಸ್ಟಾರ್ಟ್, ಮೇಲೆ, ಕೆಳಗೆ, ಎಡ, ಬಲ. ಪ್ರಾಕ್ಸಿ ಹಾಕೋಕೆ ಛಾನ್ಸೇ ಇಲ್ಲ.

ಬಟನ್ ರಬ್ಬರ್ ತಾಗೋ ಜಾಗದಲ್ಲಿ ಮೇಲಿನ ಕಪ್ಪು ಪದರ ಮೆಲ್ಲಗೆ ಕೆರೆದು, ಒಂದೊಂದು ವೈರ್ ಬೆಸುಗೆ ಹಾಕ್ಬೇಕು. ಗ್ರೌಂಡ್ ಎಲ್ಲದಕ್ಕೂ ಒಂದೇ. ಮೊದಲನೇ ಬೋರ್ಡ್‌ನಲ್ಲಿ ಜಾಸ್ತಿ ಕೆರೆದು ತಾಮ್ರದ ಗೆರೆನೇ ಎದ್ದುಬಂತು. ಇನ್ನೊಂದು ₹250. ನಮ್ಮ ಭಾಷೇಲಿ ಅಬ್‌ನಾರ್ಮಲ್ ಲಾಸ್!

ಜಾಯ್‌ಸ್ಟಿಕ್ಕೂ ನಾಲ್ಕು ಬಟನ್ನೂ ಸೇರಿ ₹1,050, ಬೆಂಗಳೂರಿನ ಎಸ್.ಪಿ. ರೋಡ್‌ನಿಂದ ಫ್ರೆಂಡ್ ತಂದುಕೊಟ್ಟ. 6 ಮಿ.ಮೀ. ಪ್ಲೈವುಡ್, ಬಡಗಿ ಹತ್ರ ತೂತು ಹೊಡೆಸಿದ್ದು ₹250. ವೈರ್, ಸ್ಕ್ರೂ ₹100. ಪ್ಲೈ ದಪ್ಪ ತಗೋಬೇಡಿ, ಕೋಲು ಮೇಲೆ ಗಿಡ್ಡವಾಗಿಬಿಡುತ್ತೆ.

ಎರಡು ಎಡವಟ್ಟು ನೀವು ಮಾಡ್ಬೇಡಿ. ಮೈಕ್ರೋಸ್ವಿಚ್‌ಗೆ ಮೂರು ಕಾಲಿರುತ್ತೆ, ಬೇಕಾಗಿರೋದು ಕಾಂ ಮತ್ತು ಎನ್‌ಒ. ನಾನು ಒಂದು ಕಡೆ ಎನ್‌ಸಿಗೆ ಹಾಕಿ, ಮಾರಿಯೋ ಯಾರೂ ಮುಟ್ಟದೇನೇ ಓಡಿ ಹಳ್ಳಕ್ಕೆ ಬಿದ್ದ. ಎರಡನೇದು, ಕೋಲನ್ನ ಮೇಲಕ್ಕೆ ತಳ್ಳಿದ್ರೆ ಅದರ ಬುಡ ಕೆಳಕ್ಕೆ ಹೋಗುತ್ತೆ, ಒತ್ತಿಕೊಳ್ಳೋದು ಕೆಳಗಿನ ಸ್ವಿಚ್. ಹಾಗಾಗಿ 'ಮೇಲೆ' ವೈರ್ ಕೆಳಗಿನ ಸ್ವಿಚ್‌ಗೇ ಹೋಗ್ಬೇಕು. ಇದು ತಲೆಗೆ ಹೋಗೋಕೆ ನಂಗೆ ಒಂದು ಇಡೀ ಭಾನುವಾರ ಬೇಕಾಯ್ತು.

(4/4)
ರೆಡಿ ಕಿಟ್ ತಗೋಬಹುದಿತ್ತಲ್ಲಾ ಅನ್ನೋರಿಗೆ: ಅವು ಯುಎಸ್‌ಬಿ, ಪಿಸಿಗೆ ಚೆನ್ನಾಗಿವೆ, ಈ ಹಳೇ 9 ಪಿನ್ ಪ್ಲಗ್‌ಗೆ ಹೋಗಲ್ಲ. ಮೈಕ್ರೋಸಾಫ್ಟ್ 2018ರಲ್ಲಿ ಅಡಾಪ್ಟಿವ್ ಕಂಟ್ರೋಲರ್ ಅಂತ ತಂತು, ಕೈಯಲ್ಲಿ ತೊಂದರೆ ಇರೋರು ತಮಗೆ ಬೇಕಾದ ಸ್ವಿಚ್ ಸಿಕ್ಕಿಸಿಕೊಳ್ಳೋಕೆ. ಒಳ್ಳೇ ಕೆಲಸ, ನಿಜವಾಗ್ಲೂ. ಆದ್ರೆ ಅದು ಎಕ್ಸ್‌ಬಾಕ್ಸ್‌ಗೆ, ಪಿಸಿಗೆ. ಅಟ್ಟದ ಮೇಲಿರೋ ಡಬ್ಬಿಗೆ ನಾವೇ ಏನಾದ್ರೂ ಮಾಡ್ಬೇಕು.

ಜಾಯ್‌ಸ್ಟಿಕ್ ಎಲ್ಲರಿಗೂ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಚಿಕ್ಕ ಇಟ್ಟಿಗೆ ಮೇಲೆ ಮಾರಿಯೋನ ನಿಲ್ಲಿಸೋಕೆ ನಂಗೆ ಇವತ್ತೂ ಪ್ಯಾಡೇ ವಾಸಿ. ನನ್ನ ತಕರಾರು ಬೇರೆ. ಮನೇಲಿ ಯಾರಾದ್ರೂ, ಅಜ್ಜಿನೋ ಪುಟ್ಟ ತಂಗಿನೋ, 'ನಂಗೆ ಬರಲ್ಲ' ಅಂತ ಕೆಳಗಿಟ್ರೆ ನಾವು ತಕ್ಷಣ ನಂಬಿಬಿಡ್ತೀವಿ. ಕೈಗೆ ಕೊಟ್ಟಿರೋ ವಸ್ತು ಆ ಕೈಗೆ ಸರಿ ಇದೆಯಾ ಅಂತ ಒಂದ್ಸಲನೂ ನೋಡಲ್ಲ. ನಾನೂ ದೀಪಾವಳಿ ದಿನ ನೋಡ್ಲಿಲ್ಲ. ಅವನ ಪಕ್ಕದಲ್ಲೇ ಕೂತು ಒಬ್ಬನೇ ಆಡ್ತಾ ಇದ್ದೆ.

ಈಗ ಅಣ್ಣ ಶನಿವಾರ ಬಂದ್ರೆ ಮೊದಲು ಕೇಳೋದು ಪೆಟ್ಟಿಗೆ ಎಲ್ಲಿ ಅಂತ. ಮೊದಲ ದಿನ 1-1ರ ಮೊದಲನೇ ಶತ್ರುಗೇ ಸತ್ತ, ಇಬ್ಬರೂ ಬಿದ್ದು ಬಿದ್ದು ನಕ್ವಿ. ಮೊನ್ನೆ ಕಾಂಟ್ರಾ ಮೂರನೇ ಸ್ಟೇಜು, ಆ ಜಲಪಾತ. ಅಲ್ಲಿ ಒಬ್ಬ ಬೇಗ ಮೇಲೆ ಹತ್ತಿದ್ರೆ ಕೆಳಗಿರೋನು ಸ್ಕ್ರೀನ್‌ನಿಂದ ಹೊರಗೆ ಬಿದ್ದು ಸಾಯ್ತಾನೆ, ಗೊತ್ತಲ್ಲ? ನನ್ನ ಮೂರೂ ಲೈಫ್ ಹಾಗೇ ತೆಗೆದ. ಚಿಕ್ಕೋನಿದ್ದಾಗ್ಲೂ ಹಿಂಗೇ ಮಾಡ್ತಿದ್ದ, ಕಳ್ಳ.