ಬಾಗಿಲು ಮುಚ್ಚಿ ಒಂದು ಗಂಟೆ



ಅಡಿಕೆಗೆ ಕೊಳೆರೋಗ ಬಂದರೆ ನಾವು ಯಾರೂ ನಾಚಿಕೊಳ್ಳುವುದಿಲ್ಲ. ಯಾರ ತೋಟದಲ್ಲಿ ಎಷ್ಟು ಉದುರಿತು, ಮದ್ದು ಬಿಟ್ಟಾಯಿತೇ ಎಂದು ಇಗರ್ಜಿಯ ಅಂಗಳದಲ್ಲೇ ವಿಚಾರಿಸಿಕೊಳ್ಳುತ್ತೇವೆ. ಆದರೆ ಮನೆಯ ಒಬ್ಬರಿಗೆ ನಿದ್ದೆ ಬಾರದೆ, ಊಟ ಸೇರದೆ, ಯಾವ ಕೆಲಸದಲ್ಲೂ ಮನಸ್ಸು ನಿಲ್ಲದೆ ತಿಂಗಳುಗಳು ಕಳೆದರೂ ಅದನ್ನು ನೆರೆಕರೆಗೆ ತಿಳಿಯದಂತೆ ಮುಚ್ಚಿಡುತ್ತೇವೆ.

ಇಂಥವರಿಗೆ ಈಗ ಒಂದು ಹೊಸ ಅನುಕೂಲ ಬಂದಿದೆ. ಮೊಬೈಲ್ ಫೋನಿನಲ್ಲಿ ಮುಖ ನೋಡಿಕೊಂಡು ಖಾಸಗಿ ಮನಶ್ಶಾಸ್ತ್ರಜ್ಞರೊಡನೆ ಮಾತಾಡಿ ಚಿಕಿತ್ಸೆ ಪಡೆಯಬಹುದು. ದುಬಾಯಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಕ್ಕಳು ಅಲ್ಲಿಂದಲೇ ಹಣ ಕಟ್ಟಿ, "ಪಪ್ಪಾ, ಶನಿವಾರ ಐದು ಗಂಟೆಗೆ ಫೋನ್ ಬರುತ್ತದೆ, ಮಾತಾಡಿ" ಎನ್ನುತ್ತಾರೆ. ಮಾತಾಡುವವರು ಯಾರು, ಏನು ಕೇಳುತ್ತಾರೆ, ಎಷ್ಟು ದಿನದ ಕೆಲಸ ಎಂಬುದು ಇಲ್ಲಿರುವ ತಂದೆಗೆ ತಿಳಿದಿರುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಚಿಕಿತ್ಸೆ ಒಳ್ಳೆಯದೇ. ಆದರೆ ಅದು ಫಲಿಸುವುದು ಬಹುಮಟ್ಟಿಗೆ ಮನೆಯವರ ಕೈಯಲ್ಲಿದೆ. ಆಸ್ಪತ್ರೆಗೆ ಹೋದರೆ ವೈದ್ಯರು ತಮ್ಮ ಕೋಣೆಯ ಬಾಗಿಲು ಮುಚ್ಚುತ್ತಾರೆ. ಫೋನಿನ ಚಿಕಿತ್ಸೆಯಲ್ಲಿ ಆ ಕೋಣೆಯನ್ನು ನಾವೇ ಒದಗಿಸಬೇಕು. ನಮ್ಮ ಮನೆಗಳಲ್ಲಿ ಕೊರತೆ ಇರುವುದು ಅದಕ್ಕೇ.

ಗಡಿನಾಡಿನವರಾದ ನಮಗೆ ಇದರಿಂದ ವಿಶೇಷ ಪ್ರಯೋಜನವಿದೆ. 2020ರಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಲಾರದೆ ಕಾಸರಗೋಡಿನ ಜನರು ಪಟ್ಟ ಪಾಡನ್ನು ಯಾರೂ ಮರೆತಿಲ್ಲ. ಫೋನಿಗೆ ಗಡಿಯಿಲ್ಲ. ಜೊತೆಗೆ, ಮನೆಯಲ್ಲಿ ಕೊಂಕಣಿ ಅಥವಾ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳ ಎಂಬ ಪರಿಸ್ಥಿತಿ ನಮ್ಮದು. ಲೆಕ್ಕಪತ್ರದ ಮಾತನ್ನು ಯಾವ ಭಾಷೆಯಲ್ಲಾದರೂ ಆಡಬಹುದು, ದುಃಖವನ್ನು ಹಾಗೆ ಹೇಳಲಾಗದು. ಆದ್ದರಿಂದ ತಮಗೆ ಯಾವ ಭಾಷೆ ಸಲೀಸು ಎಂಬುದನ್ನು ಸಮಯ ಗೊತ್ತುಮಾಡುವ ಮೊದಲೇ ತಿಳಿಸಿ, ಆ ಭಾಷೆ ಬಲ್ಲವರನ್ನೇ ಕೇಳಿರಿ.

ಇನ್ನು, ಮಾತಾಡುವವರು ಯಾರೆಂದು ತಿಳಿದುಕೊಳ್ಳಿರಿ. ಮನೋವೈದ್ಯರು ವೈದ್ಯ ಪದವಿ ಪಡೆದವರು, ಔಷಧಿ ಬರೆದುಕೊಡಬಲ್ಲರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಔಷಧಿ ಕೊಡುವುದಿಲ್ಲ, ಮಾತಿನ ಮೂಲಕ ಚಿಕಿತ್ಸೆ ನಡೆಸುತ್ತಾರೆ. 1992ರ ಕಾಯಿದೆಯಂತೆ ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ, ವಿದ್ಯಾರ್ಹತೆ, ಒಂದು ಭೇಟಿಯ ಶುಲ್ಕ, ಭೇಟಿ ತಪ್ಪಿದರೆ ಹಣ ವಾಪಸ್ಸು ಉಂಟೇ ಇಲ್ಲವೇ, ಇವಿಷ್ಟನ್ನು ಕೇಳುವುದು ಅವಿನಯವಲ್ಲ. ದನ ಕೊಳ್ಳುವಾಗ ಹತ್ತು ಪ್ರಶ್ನೆ ಕೇಳುವ ನಾವು ಮನಸ್ಸನ್ನು ಒಪ್ಪಿಸುವಾಗ ಸುಮ್ಮನಿರುವುದೇಕೆ? ಉತ್ತರಿಸಲು ಹಿಂಜರಿಯುವವರನ್ನು ಬಿಟ್ಟು ಬೇರೆಯವರನ್ನು ನೋಡಿರಿ.

ಮೊದಲ ಭೇಟಿಯಲ್ಲಿ ಪರಿಹಾರ ಸಿಗುವುದೆಂದು ನಿರೀಕ್ಷಿಸಬೇಡಿರಿ. ಅಂದು ಕೇಳುವುದೇ ಹೆಚ್ಚು: ಯಾವಾಗಿನಿಂದ ಹೀಗೆ, ನಿದ್ದೆ ಹೇಗೆ, ಸಾಲವಿದೆಯೇ, ಕುಡಿತವಿದೆಯೇ, ಮನೆತನದಲ್ಲಿ ಇಂಥ ಕಾಯಿಲೆ ಯಾರಿಗಾದರೂ ಇತ್ತೇ? ಕೆಲವರು 9 ಪ್ರಶ್ನೆಗಳ ಒಂದು ಪಟ್ಟಿಯನ್ನು ಕೊಟ್ಟು, ಕಳೆದ 2 ವಾರಗಳಲ್ಲಿ ಹೇಗಿದ್ದಿರಿ ಎಂದು ಕೇಳುತ್ತಾರೆ. ಸಾಯುವ ಯೋಚನೆ ಬಂದಿದೆಯೇ ಎಂಬುದು ಅದರ ಕೊನೆಯ ಪ್ರಶ್ನೆ. ಅದನ್ನು ಎಲ್ಲರಿಗೂ ಕೇಳುತ್ತಾರೆ, ಗಾಬರಿಯಾಗದೆ ನಿಜವನ್ನೇ ಹೇಳಿರಿ. ನೀವಿರುವ ವಿಳಾಸವನ್ನೂ ಹತ್ತಿರದವರೊಬ್ಬರ ಫೋನ್ ನಂಬರನ್ನೂ ಪಡೆದುಕೊಳ್ಳುತ್ತಾರೆ. ದೂರದಲ್ಲಿ ಕುಳಿತವರಿಗೆ ಆಪತ್ತಿನಲ್ಲಿ ಸಹಾಯ ಕಳುಹಿಸಲು ಬೇರೆ ದಾರಿಯಿಲ್ಲ.

ಬೋರ್ಡೋ ಮದ್ದನ್ನು ಮಳೆಗೆ ಮುಂಚೆ ಒಮ್ಮೆ ಬಿಟ್ಟು, 40-45 ದಿನ ಕಳೆದ ಮೇಲೆ ಮತ್ತೊಮ್ಮೆ ಬಿಡುತ್ತೇವಲ್ಲ? ಮಾತಿನ ಚಿಕಿತ್ಸೆಯೂ ಒಂದೇ ಸಲಕ್ಕೆ ಮುಗಿಯುವುದಲ್ಲ. ಸಾಮಾನ್ಯವಾಗಿ ವಾರಕ್ಕೊಮ್ಮೆ, 45 ನಿಮಿಷದಿಂದ ಒಂದು ಗಂಟೆ. 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಆರನ್ ಬೆಕ್ ರೂಪಿಸಿದ, ಯೋಚನೆಯ ರೀತಿಯನ್ನು ತಿದ್ದುವ ಚಿಕಿತ್ಸೆಗೆ ಸುಮಾರು 6ರಿಂದ 20 ಭೇಟಿಗಳು ಬೇಕಾಗುತ್ತವೆ. ನಡುವೆ ಮನೆಯಲ್ಲಿ ಮಾಡಬೇಕಾದ ಅಭ್ಯಾಸಗಳನ್ನೂ ಕೊಡುತ್ತಾರೆ. ಹಳೆಯ ನೋವನ್ನು ಕೆದಕಿದ ದಿನ ಮನಸ್ಸು ಇನ್ನಷ್ಟು ಭಾರವೆನಿಸಬಹುದು, ಅಷ್ಟಕ್ಕೇ ನಿಲ್ಲಿಸಬೇಡಿರಿ. ಮೂರು ನಾಲ್ಕು ಭೇಟಿಯಾದರೂ ಮನಸ್ಸು ಬಿಚ್ಚಿ ಮಾತಾಡಲು ಆಗದಿದ್ದರೆ ಅದನ್ನು ಅವರಿಗೇ ಹೇಳಿ ಬೇರೊಬ್ಬರ ಬಳಿಗೆ ಹೋಗಬಹುದು. ವೈದ್ಯರು ಕೊಟ್ಟ ಮಾತ್ರೆಗಳನ್ನು ಮಾತ್ರ ಅವರನ್ನು ಕೇಳದೆ ಬಿಡಬಾರದು.

ಇದು ಪಾಪನಿವೇದನೆಯಷ್ಟೇ ಗುಟ್ಟಾಗಿ ಉಳಿಯುತ್ತದೆಯೇ ಎಂಬ ಪ್ರಶ್ನೆ ನಿಮ್ಮಲ್ಲಿ ಏಳುವುದು ಸಹಜ. ಪಾಪನಿವೇದನೆಯ ಗುಟ್ಟಿಗೆ ಅಪವಾದವೇ ಇಲ್ಲ. ಮಾನಸಿಕ ಚಿಕಿತ್ಸೆಯ ಗುಟ್ಟನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ರೋಗಿಯ ಹಕ್ಕೆಂದು ಸಾರಿದೆ. ಆದರೆ ಜೀವಕ್ಕೆ ಅಪಾಯವಿದ್ದರೆ, ಇನ್ನೊಬ್ಬರಿಗೆ ಹಾನಿಯಾಗುವಂತಿದ್ದರೆ, ನ್ಯಾಯಾಲಯ ಆಜ್ಞಾಪಿಸಿದರೆ ಅಗತ್ಯವಿರುವಷ್ಟನ್ನು ತಿಳಿಸಬಹುದು. ಹಣ ಕಟ್ಟಿದ ಮಗನಿಗೂ ತಂದೆ ಆಡಿದ ಮಾತನ್ನು ಕೇಳುವ ಹಕ್ಕಿಲ್ಲ. ಇನ್ನು ಒಂದರ ಬದಲಿಗೆ ಇನ್ನೊಂದು ಸಾಕೆಂದೂ ತಿಳಿಯಬಾರದು. ಕಾಯಿಲೆ ಪಾಪವಲ್ಲ.

ಫೋನಿನ ಚಿಕಿತ್ಸೆ ಸಾಲದ ಸಂದರ್ಭಗಳೂ ಇವೆ. ಸಾಯುತ್ತೇನೆಂದು ಹೇಳುವವರನ್ನು, ಇಲ್ಲದ ದನಿ ಕೇಳಿಸುತ್ತದೆ ಎನ್ನುವವರನ್ನು, ಕುಡಿತ ಬಿಟ್ಟ ಎರಡು ಮೂರು ದಿನಗಳಲ್ಲಿ ಕೈ ನಡುಗಿ ಏನೇನೋ ಬಡಬಡಿಸುವವರನ್ನು ಶನಿವಾರದ ಫೋನಿಗೆ ಕಾಯಿಸದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಬೇಕು. ನಮ್ಮ ಕೃಷಿಕರ ಮನೆಗಳಲ್ಲಿ ವಿಷ ಕೈಗೆಟಕುವಂತಿರುತ್ತದೆ. ಕೀಟನಾಶಕ, ಕಳೆನಾಶಕದ ಡಬ್ಬಿಗಳನ್ನು ಇಂದೇ ಬೀಗ ಹಾಕಿಡಿರಿ, ಬೀಗದ ಕೈ ಬೇರೊಬ್ಬರಲ್ಲಿರಲಿ. ಶುಲ್ಕ ಕೊಡಲು ಸಾಧ್ಯವಿಲ್ಲದವರಿಗೆ ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೂ ಮಾತಾಡಬಹುದು.

ಕೊನೆಗೆ ಮನೆಯವರಿಗೆ ಒಂದು ಮಾತು. ಚಾವಡಿಯಲ್ಲಿ ಟಿ.ವಿ., ಜಗುಲಿಯಲ್ಲಿ ನೆಂಟರು, ಕಿಟಕಿಯ ಬಳಿ ಅತ್ತೆ, ಹೀಗಿದ್ದರೆ ಸೊಸೆ ಏನು ತಾನೇ ಹೇಳಿಯಾಳು? "ಚೆನ್ನಾಗಿದ್ದೇನೆ" ಎಂದು ಹೇಳಿ ಫೋನ್ ಇಡುತ್ತಾಳೆ. ಹಣವೂ ವ್ಯರ್ಥ, ನೋವೂ ಹಾಗೇ ಉಳಿಯಿತು. ವಾರದಲ್ಲಿ ಒಂದು ಗಂಟೆ ಅವರಿಗೊಂದು ಕೋಣೆ ಬಿಟ್ಟುಕೊಡಿರಿ. ಕೋಣೆಯಿಲ್ಲದಿದ್ದರೆ ಸಿಗ್ನಲ್ ಸಿಗುವ ತೋಟದ ಮೂಲೆಯಾದರೂ ಆದೀತು. ಮಕ್ಕಳನ್ನು ನೀವು ನೋಡಿಕೊಳ್ಳಿರಿ, ಹಟ್ಟಿಯ ಕೆಲಸವನ್ನು ಬೇರೊಬ್ಬರು ಮಾಡಲಿ. ಹೊರಬಂದಾಗ "ಏನು ಕೇಳಿದರು, ನೀನೇನು ಹೇಳಿದೆ" ಎಂದು ವಿಚಾರಣೆ ಮಾಡದೆ ಒಂದು ಲೋಟ ಕಾಫಿ ಕೊಡಿರಿ. ಮನೆಯವರಿಂದ ಆಗಬೇಕಾದ ಸಹಾಯ ಇಷ್ಟೇ. ಇದಕ್ಕೆ ಹಣ ಬೇಕಾಗಿಲ್ಲ.