ಸೈಡ್‌ಆರ್ಮ್ ಕಲಿಯೋರಿಗೆ ಡೆಸ್ಟ್ರಾಯರ್ ಯಾಕ್ರಪ್ಪಾ? (ಭಾಗ 3)

"ಸೈಡ್‌ಆರ್ಮ್ ಎಸೀತೀಯಾ? ಹಾಗಾದ್ರೆ ಓವರ್‌ಸ್ಟೇಬಲ್ ಡ್ರೈವರ್ ತಗೋ" ಅನ್ನೋ ಸೀನಿಯರ್‌ಗಳ ಮಾತು ನಂಬಬೇಡಿ.

ಇನ್ನೋವಾದ ಡೆಸ್ಟ್ರಾಯರ್‌ಗೆ ವೇಗದ ನಂಬರ್ 12. ಅದು ಡಿಸ್ಕ್ ತಾನಾಗಿ ಕೊಡೋ ವೇಗ ಅಲ್ಲ, ನಿಮ್ಮ ತೋಳು ಅದಕ್ಕೆ ಕೊಡಬೇಕಾದ ವೇಗ! ಕೊಡದಿದ್ರೆ ಬಲಗೈಯವರ ಡಿಸ್ಕ್ ಬೇಗನೇ ಬಲಕ್ಕೆ ವಾಲಿ ಪೊದೆ ಸೇರುತ್ತೆ.

ಅದಕ್ಕಿಂತ ಕೆಟ್ಟದ್ದು, ಓವರ್‌ಸ್ಟೇಬಲ್ ಡಿಸ್ಕ್ ನಿಮ್ಮ ತಪ್ಪನ್ನ ಮುಚ್ಚಿಡುತ್ತೆ. ಮಣಿಕಟ್ಟು ತಿರುಚಿ ಬಿಟ್ಟಾಗ ಡಿಸ್ಕ್ ನಡುಗುತ್ತಲ್ಲ, ಅದನ್ನ ಹೇಗೋ ನುಂಗಿಕೊಂಡು ಹೋಗುತ್ತೆ. ಬಝ್ ಥರದ ಮಿಡ್‌ರೇಂಜ್ ಆದ್ರೆ ಎಡಕ್ಕೆ ಮಗುಚಿ ಅಲ್ಲೇ ಚಾಡಿ ಹೇಳುತ್ತೆ. ಕಲಿಯೋವಾಗ ಅಂಥ ಚಾಡಿಕೋರನೇ ಬೇಕು.

ಕೆರೆ ಮೇಲೆ ಚಪ್ಪಟೆ ಕಲ್ಲು ಕುಪ್ಪಳಿಸಿದವರಿಗೆ ಕೈ ಗೊತ್ತು: ಅಂಗೈ ಮೇಲ್ಮುಖ, ಮೊಣಕೈ ಮುಂದೆ, ಕೊನೇಲಿ ಮಣಿಕಟ್ಟಿನ ಚಟಕ್. ಜೋರು ಆಮೇಲೆ.

ಡೆಸ್ಟ್ರಾಯರ್ ಆಗ್ಲೇ ಕೊಂಡಿದ್ರೆ ಬ್ಯಾಗಲ್ಲೇ ಮಲಗಿರ್ಲಿ. ಭಾಗ 4ರಲ್ಲಿ ಪಟರ್ ಜಗಳ.